ಹನ್ನೊಂದನೆಯ ಎಲೆ

2023ರ ಅಕ್ಟೋಬರ್ 14, ಶನಿವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ, ಅಕ್ಕನ ಮನೆಯ ಕಿಟಕಿಗೆ ಹಬ್ಬಿದ ಮನಿಪ್ಲಾಂಟಿನ ತುದಿಯಿಂದ ಐದನೆಯ ಎಲೆಯನ್ನು ಕತ್ತರಿಸಿದೆ. ಆಮೇಲೆ ಸ್ಕ್ಯಾನರ್ ಹಾಕಿದೆ. ಮೊದಲು ಸ್ಕ್ಯಾನರ್, ಆಮೇಲೆ ಕತ್ತರಿ ಎಂಬುದು ಹೊಳೆಯುವಷ್ಟರಲ್ಲಿ ಎಲೆ ಕೈಯಲ್ಲಿತ್ತು.

ಅಕ್ಕ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ಹತ್ತು ವರ್ಷಗಳ ಹಿಂದೆ ಇದೇ ದಿನ ಆ ಬಳ್ಳಿಯ ತುಂಡೊಂದನ್ನು ತಂದು ಬಾಟಲಿಯ ನೀರಿಗೆ ಇಳಿಬಿಟ್ಟಳು. ಅದರ ಒಂದು ಎಲೆಯನ್ನು ಸ್ಕ್ಯಾನರಿನ ಗಾಜಿನ ಮೇಲೆ ಮಲಗಿಸಿ ವಿಸ್ತೀರ್ಣ ಲೆಕ್ಕ ಹಾಕಿದಳು: 19.2 ಚದರ ಸೆಂಟಿಮೀಟರ್. ಅಲ್ಲಿಂದ ಪ್ರತಿ ವರ್ಷ ಇದೇ ದಿನ, ತುದಿಯಿಂದ ಐದನೆಯ ಎಲೆ, ಇದೇ ಸ್ಕ್ಯಾನರ್. ಬಳ್ಳಿ ಮೇಲೆ ಹಬ್ಬಿದಂತೆ ಎಲೆಯೂ ಅಗಲವಾಗುತ್ತಾ ಬಂತು. ಕತ್ತರಿಸಿದ ಒಂದು ಗಂಟೆಯೊಳಗೆ ಅಳೆಯಬೇಕು. ತಡವಾದರೆ ಎಲೆ ಬಾಡಿ ಕುಗ್ಗುತ್ತದೆ, ಆ ಅಂಕಿ ಪಟ್ಟಿಗೆ ಸೇರಕೂಡದು. ಹೋದ ವರ್ಷ ಆಸ್ಪತ್ರೆಯ ಹಾಸಿಗೆಯಿಂದ ಫೋನಿನಲ್ಲೇ ಭಾವನ ಕೈಯಲ್ಲಿ ಮಾಡಿಸಿದ್ದಳು, ಗಡಿಯಾರ ನೋಡಿ ಹೇಳಿ ಎಂದು ಎರಡು ಸಲ ಕೇಳಿದ್ದಳಂತೆ. ಜನವರಿಯಲ್ಲಿ ತೀರಿಕೊಂಡಳು. ಪಟ್ಟಿಯಲ್ಲಿ ಹತ್ತು ಸಾಲುಗಳಿವೆ, ಒಂದೂ ಖಾಲಿಯಿಲ್ಲ. ಹನ್ನೊಂದನೆಯದು ಖಾಲಿ ಉಳಿಯಬಾರದೆಂದು ನಾನು ಎರಡು ಬಸ್ಸು ಬದಲಿಸಿ ಬಂದಿದ್ದೆ.

ಅವಳ ಹಳೆಯ ಕಂಪ್ಯೂಟರಿನಲ್ಲಿರುವುದು ವಿಂಡೋಸ್ ಅಲ್ಲ, ಲಿನಕ್ಸ್. ಸ್ಕ್ಯಾನರ್ ಯಾವುದೂ ಸಿಗಲಿಲ್ಲ ಎಂದಿತು.

ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. ಭಾವ ದರ್ಜಿ. ನಾನು ಭೌತಶಾಸ್ತ್ರ ಕಲಿಸುವವನೆಂದು ಅವರಿಗೆ ನಾನು ಯಾವಾಗಲೂ ಮೇಷ್ಟ್ರು.

"ಏನಂತೆ ಮೇಷ್ಟ್ರೇ?"

"ಸ್ಕ್ಯಾನರೇ ಇಲ್ಲ ಅಂತಿದೆ, ಭಾವ."

"ಕಣ್ಣೆದುರಿಗೇ ಕೂತಿದೆಯಲ್ಲಪ್ಪ, ಅಷ್ಟು ದಪ್ಪಗೆ."

ಬೇಕಾದರೆ ಎಲೆಯ ಸುತ್ತ ಸೀಮೆಸುಣ್ಣ ಎಳೆದು, ಚೌಕಳಿ ಕಾಗದದ ಮೇಲೆ ಅಳತೆ ತೆಗೆದುಕೊಡುತ್ತೇನೆ, ಇಷ್ಟು ವರ್ಷ ಕಾಲರ್ ಕತ್ತರಿಸಿದ ಕೈ ಇದು ಎಂದರು. ಸಾಧನ ಬದಲಾದರೆ ಹೋಲಿಸಲಾಗದು ಎಂದೆ. ಅವಳೂ ಇದನ್ನೇ ಹೇಳುತ್ತಿದ್ದಳು ಎಂದು ಅಲ್ಲೇ ಸ್ಟೂಲೆಳೆದು ಕೂತರು.

ಕೇಬಲ್ ಬದಲಿಸಿದೆ. ಯುಎಸ್‌ಬಿಗೆ ಜೋಡಿಸಿದ ಸಾಧನಗಳನ್ನೆಲ್ಲ ಪಟ್ಟಿ ಮಾಡಲು ಹೇಳಿದೆ. ಅದರಲ್ಲಿ ನಮ್ಮ ಸ್ಕ್ಯಾನರಿನ ಸಂಖ್ಯೆ ಇತ್ತು. ಅಂದರೆ ತಂತಿಯದು ತಪ್ಪಲ್ಲ. ಅದೇ ಹುಡುಕಾಟವನ್ನು ಆಡಳಿತಗಾರನ ಅಧಿಕಾರದಲ್ಲಿ ನಡೆಸಿದಾಗ ಸ್ಕ್ಯಾನರ್ ತಕ್ಷಣ ಸಿಕ್ಕಿತು. ಯಂತ್ರವೂ ಸರಿಯಾಗಿದೆ. ಇಲ್ಲದಿರುವುದು ನನಗೆ ಅನುಮತಿ ಮಾತ್ರ. ಅಧಿಕಾರ ಬಳಸಿ ಹಾಗೇ ಅಳೆದುಬಿಡಬಹುದಿತ್ತು. ಕಾರಣ ತಿಳಿಯದೆ ಮಾಡಿದ ಅಳತೆಯನ್ನು ಅವಳ ಪಟ್ಟಿಗೆ ಸೇರಿಸಲು ಮನಸ್ಸಾಗಲಿಲ್ಲ. ಗಂಟೆ ಹತ್ತೂ ಮೂವತ್ತೆರಡು.

ಇಷ್ಟು ಹಳೆಯ ಸ್ಕ್ಯಾನರ್ ಲಿನಕ್ಸಿಗೆ ತಾನಾಗಿ ಗೊತ್ತಿರುವುದಿಲ್ಲ. ಅದನ್ನು ಯಾರು ಬಳಸಬಹುದೆಂಬ ನಿಯಮವನ್ನು ಅಕ್ಕ ಕೈಯಾರೆ ಬರೆದಿರಬೇಕು. ನಿಯಮಗಳ ಕಡತಗಳಲ್ಲಿ ಹುಡುಕಿದೆ, ಸಿಕ್ಕಿತು. ಎರಡೇ ಸಾಲು. ಮೊದಲನೆಯದರ ಮುಂದೆ # ಗುರುತಿತ್ತು. ಅಂಥ ಸಾಲನ್ನು ಯಂತ್ರ ಓದುವುದಿಲ್ಲ, ಅದು ಮನುಷ್ಯರಿಗಾಗಿ ಬರೆದದ್ದು.

"ತಮ್ಮ ಇದರಲ್ಲಿ ಕೈ ಹಾಕಬಾರದು. ಪ್ರಿಂಟರ್ ಕೆಡಿಸಿದ್ದೇ ಸಾಕು."

ಗಟ್ಟಿಯಾಗಿ ಓದಿದೆ. ಭಾವ ನಕ್ಕರು, ನಗು ಮುಗಿದ ಮೇಲೂ ಪರದೆಯನ್ನೇ ನೋಡುತ್ತಿದ್ದರು.

ಎರಡನೆಯ ಸಾಲಿನ ಪ್ರಕಾರ ಈ ಸ್ಕ್ಯಾನರಿನ ಒಡತಿ 'ಅಕ್ಕ'. ಕಂಪ್ಯೂಟರಿನಲ್ಲಿ ಅವಳ ಖಾತೆಗೆ ಅದೇ ಹೆಸರು. ನಾನು ಕರೆದು ಕರೆದು ಕೊನೆಗೆ ಊರಿಗೆಲ್ಲ ಆಗಿದ್ದ ಹೆಸರು. ಕಂಪ್ಯೂಟರ್ ತನ್ನ ಕೆಲಸವನ್ನೆಲ್ಲ ತಾನೇ ಬರೆದಿಡುವ ದಿನಚರಿಯ ಕಡತ ತೆರೆದೆ. ಮಾರ್ಚ್ ತಿಂಗಳಿಂದ ಕಂಪ್ಯೂಟರ್ ಹಾಕಿದಾಗಲೆಲ್ಲ ಒಂದೇ ಮಾತು: ಅಕ್ಕ ಎಂಬ ಬಳಕೆದಾರರು ಗೊತ್ತಿಲ್ಲ, ಬಿಟ್ಟುಬಿಡಲಾಗಿದೆ.

ಮಾರ್ಚಿನಲ್ಲಿ ಬಂದು ಅವಳ ಖಾತೆ ಅಳಿಸಿದವನು ನಾನೇ. ಅವಳ ಕಡತಗಳನ್ನೆಲ್ಲ ಬೇರೆ ಡಿಸ್ಕಿಗೆ ಇಳಿಸಿ, ಎರಡೆರಡು ಸಲ ತಾಳೆ ನೋಡಿ, ನನ್ನ ಹೆಸರಿನಲ್ಲಿ ಹೊಸ ಖಾತೆ ತೆರೆದು, ಅವಳದನ್ನು ತೆಗೆದುಹಾಕಿದೆ. ಈಗಲೇ ಯಾಕೆ ಎಂದು ಭಾವ ಕೇಳಿದ್ದರು. ಯಾರೂ ಬಳಸದ ಖಾತೆ ಇರುವುದು ಕ್ಷೇಮವಲ್ಲ ಎಂದಿದ್ದೆ. ಆ ಮಾತಿನಲ್ಲಿ ಈಗಲೂ ತಪ್ಪಿಲ್ಲ. ಇದನ್ನೆಲ್ಲ ಭಾವನಿಗೆ ವಿವರಿಸುವಾಗ ಎಲೆಯ ಅಂಚು ಮೇಲಕ್ಕೆ ಸುರುಟಿಕೊಳ್ಳಲು ಶುರುವಾಗಿತ್ತು.

"ಅವಳ ಹೆಸರು ಮತ್ತೆ ಸೇರಿಸೋಕಾಗಲ್ವಾ?" ಭಾವ ಕೇಳಿದರು.

"ಆಗುತ್ತೆ. ಒಂದೇ ಸಾಲು."

"ಮತ್ತೆ?"

ಆ ಸಾಲನ್ನು ಟೈಪ್ ಮಾಡಿದೆ. ಎಂಟರ್ ಒತ್ತುವುದೊಂದೇ ಉಳಿದಿತ್ತು.

"ಹೆಸರು ಬರುತ್ತೆ ಭಾವ. ಒಳಗೆ ಏನೂ ಇರಲ್ಲ."

ಅವರು ಕೊರಳಲ್ಲಿದ್ದ ಅಳತೆ ಟೇಪನ್ನು ತೆಗೆದು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

"ಹಾಗಾದ್ರೆ ಬೇಡ. ಆದ್ರೆ ಅವಳು ಬರೆದಿದ್ದನ್ನ ಅಳಿಸಬೇಡ."

ಅಳಿಸಲಿಲ್ಲ. ಅವಳ ಎರಡನೆಯ ಸಾಲಿನ ಮುಂದೆಯೂ ಒಂದು # ಹಾಕಿದೆ. ಇನ್ನು ಅದನ್ನೂ ಯಂತ್ರ ಓದುವುದಿಲ್ಲ, ನಾವು ಓದಬಹುದು. ಕೆಳಗೆ ಹೊಸ ಸಾಲು ಬರೆದೆ: ಸ್ಕ್ಯಾನರ್ ಬಳಸುವವರ ಗುಂಪಿಗೆಲ್ಲ ಅನುಮತಿ. ಆ ಗುಂಪಿಗೆ ನನ್ನನ್ನು ಸೇರಿಸಿದೆ, ಭಾವನಿಗೂ ಒಂದು ಖಾತೆ ತೆರೆದು ಸೇರಿಸಿದೆ. ನನ್ನ ಖಾತೆಯಿಂದ ಹೊರಬಂದು ಮತ್ತೆ ಒಳಹೊಕ್ಕು, ಕೇಬಲ್ ತೆಗೆದು ಚುಚ್ಚಿದೆ. ಹತ್ತೂ ಐವತ್ತೆಂಟಕ್ಕೆ ಸ್ಕ್ಯಾನರಿನ ಹೆಸರು ಪರದೆಯ ಮೇಲೆ ಬಂತು.

ಎಲೆಯನ್ನು ಗಾಜಿನ ಮೇಲೆ ಮಲಗಿಸಿ ಅಂಚನ್ನು ಬೆರಳಿನಿಂದ ತೀಡಿದೆ. ಮುಚ್ಚಳದ ಸಂದಿಯಲ್ಲಿ ಬೆಳಕಿನ ಗೆರೆ ಮೆಲ್ಲಗೆ ಹೋಗಿ, ಮೆಲ್ಲಗೆ ವಾಪಸು ಬಂತು.

ಅಂಕಿ ಬರುವ ಮೊದಲು ಎಲ್ಲರೂ ಊಹೆ ಹೇಳಬೇಕು. ಹೆಚ್ಚು ತಪ್ಪಿದವರು ಕಾಫಿ ಮಾಡಬೇಕು. ಅಕ್ಕ ಸುಮ್ಮನಿದ್ದು, ನಮ್ಮಿಬ್ಬರದೂ ಕೇಳಿಸಿಕೊಂಡು, ನಡುವಿನದೊಂದು ಸಂಖ್ಯೆ ಹೇಳಿ ಪ್ರತಿ ಸಲವೂ ಪಾರಾಗುತ್ತಿದ್ದಳು.

"ನೂರೈವತ್ತು," ಎಂದರು ಭಾವ.

"ನೂರ ಅರವತ್ತು," ಎಂದೆ.

ಇಬ್ಬರೂ ಸುಮ್ಮನಾದೆವು. ಮೂರನೆಯವರೊಬ್ಬರು ಮಾತಾಡಲು ಸಾಕಾಗುವಷ್ಟು ಹೊತ್ತು.

ಆಮೇಲೆ ಗುಂಡಿ ಒತ್ತಿ, ಬಂದ ಅಂಕಿಯನ್ನು ಹನ್ನೊಂದನೆಯ ಸಾಲಿನಲ್ಲಿ ಬರೆದೆ: 151.4 ಚದರ ಸೆಂಟಿಮೀಟರ್.