ರಾಜನ ಎತ್ತಿಗೆ ನೀರು

ಬೇಸಿಗೆ ಏರಿತ್ತು. ಕೊಯ್ಲಾದ ಹೊಲದಲ್ಲಿ ನಾಟಕದವರು ಬೆಳಗಿನಿಂದ ರಂಗದ ಸಡಿಲಾದ ಹಲಗೆಗಳಿಗೆ ಮೊಳೆ ಬಡಿಯುತ್ತಿದ್ದರು. ಹಳೆಯ ರಾಜನ ಕಥೆಯನ್ನೇ ಹೊಸದಾಗಿ ಕಟ್ಟಿದ್ದರು: ರಾಜ್ಯ ಕಳೆದುಕೊಂಡವನ ಹಿಂದೆ ಈ ಸಲ ಮಂತ್ರಿಯ ಬದಲು ಒಂದು ಮುದಿ ಎತ್ತು ಹೋಗುತ್ತದೆ, ಕೊನೆಯಲ್ಲಿ ರಾಜ ತನ್ನ ಪಾಲಿನ ನೀರನ್ನು ಅದಕ್ಕೆ ಕುಡಿಸುತ್ತಾನೆ.

ಎತ್ತು ಗಾಡಿಯಕ್ಕನದು. ಒಂಟೆತ್ತಿನ ಗಾಡಿಯಲ್ಲಿ ಮೂವತ್ತು ವರ್ಷ ಊರಿನ ಸಾಮಾನು ಸಾಗಿಸಿದವಳು. ಐದು ಆಟಕ್ಕೆ ಎತ್ತು ಕೊಡುತ್ತೇನೆಂದು ಮಾತು ಕೊಟ್ಟಿದ್ದಳು, ಎರಡು ಮುಗಿದಿದ್ದವು. ಮಾತಿಗೆ ತಪ್ಪಿದವಳೆಂದು ಯಾರೂ ಅವಳತ್ತ ಬೆರಳು ಮಾಡಿದ್ದಿಲ್ಲ.

ಮಧ್ಯಾಹ್ನ ಬೂಸಾ ತಂದವಳು ಎತ್ತು ಕಟ್ಟಿದ್ದ ಡೇರೆಯ ಹಿಂದೆ ನಿಂತುಬಿಟ್ಟಳು. ಎತ್ತಿನ ಮೂತಿ ಒಣಗಿ ಬಿರುಕು ಬಿಟ್ಟಿತ್ತು. ನಾಟಕದವರ ಟೆಂಪೋದ ಬಾಗಿಲನ್ನು ಅದು ನೆಕ್ಕುತ್ತಿತ್ತು. ನೀರಿನ ಬಾನಿ ಬೋರಲು ಬಿದ್ದಿತ್ತು.

"ಯಾಕಪ್ಪಾ, ಇದಕ್ಕೆ ನೀರಿಟ್ಟಿಲ್ಲ?"

ಸಾಮಾನು ನೋಡಿಕೊಳ್ಳುವವನು ತಲೆ ಕೆರೆದುಕೊಂಡ. "ನಿರ್ದೇಶಕರು ಇಡಬೇಡ ಅಂದಿದಾರೆ ಅಕ್ಕ. ನಿನ್ನೆ ಆಟದಲ್ಲಿ ಕುಡೀಲೇ ಇಲ್ವಲ್ಲ, ಜನ ನಕ್ಬಿಟ್ರು. ಇವತ್ತು ಚೆನ್ನಾಗಿ ಬಾಯಾರಿರ್ಲಿ ಅಂತ..."

ಅಕ್ಕ ಬೂಸಾ ಬುಟ್ಟಿ ಸಮೇತ ರಂಗ ಹತ್ತಿದಳು. ನಿರ್ದೇಶಕ ಕೈಯೆತ್ತಿ ಸಮಾಧಾನ ಹೇಳಿದ. "ಸಂಜೆವರೆಗೂ ಅಷ್ಟೇ ಅಕ್ಕಾ. ಆ ದೃಶ್ಯ ಕೆಟ್ರೆ ನಾಟಕಾನೇ ಕೆಟ್ಟ ಹಾಗೆ."

"ನಾಟಕ ಕೆಡಬಾರ್ದು, ಎತ್ತು ಕೆಟ್ರೆ ಚಿಂತೆಯಿಲ್ಲ, ಅಲ್ವಾ?" ಬಾಟಲಿ ಎತ್ತಿ ಗಟಗಟ ನೀರು ಕುಡಿಯುತ್ತಿದ್ದ ರಾಜನ ಪಾತ್ರಧಾರಿಯ ಕಡೆ ಅವಳು ತಿರುಗಿದಳು. "ಏನಪ್ಪಾ ರಾಜಾ, ನಿಂಗೂ ಬಾಯಾರಿಕೆ ಅಲ್ವಾ ನಾಟಕದಲ್ಲಿ? ಬೆಳಗಿಂದ ಎಷ್ಟು ಕುಡಿದೆ?"

ರಾಜ ಮುಚ್ಚಳ ತಿರುಗಿಸಿದ. "ನಾನು ನಟಿಸ್ತೀನಿ ಅಕ್ಕ."

"ಹಾಗಾದ್ರೆ ಎತ್ತಿನ ವೇಷಾನೂ ನೀನೇ ಹಾಕ್ಕೋ. ಮೂಗುದಾರ ನಾನು ಕೊಡ್ತೀನಿ."

ಮೊಳೆ ಬಡಿಯುತ್ತಿದ್ದವರು ಕಿಸಕ್ಕನೆ ನಕ್ಕರು. ನಿರ್ದೇಶಕನ ಮುಖ ಕೆಂಪಗಾಯಿತು. "ಐದು ಆಟ ಅಂತ ಮಾತು ಕೊಟ್ಟಿದೀರ. ನೆನಪಿರ್ಲಿ."

ಆ ಮಾತು ನಾಟಿತು. ರಂಗದಿಂದ ಇಳಿದಳು. ನಲ್ಲಿಯಿಂದ ಬಕೆಟ್ ತುಂಬಿ ತಂದು ಬಾನಿಗೆ ಅರ್ಧವನ್ನಷ್ಟೇ ಸುರಿದಳು. ಒಮ್ಮೆಲೇ ಕುಡಿದರೆ ಹೊಟ್ಟೆ ಹಿಡಿದೀತು. ಎತ್ತು ಮೂಗು ಮುಳುಗಿಸಿ ಸೊರಸೊರ ಎಳೆಯಿತು. ತುಸು ಹೊತ್ತು ಬಿಟ್ಟು ಉಳಿದದ್ದನ್ನೂ ಸುರಿದಳು.

ಹಗ್ಗ ಬಿಚ್ಚುವಷ್ಟರಲ್ಲಿ ನಿರ್ದೇಶಕ ಓಡಿಬಂದ. ದನಿ ಮೆತ್ತಗಾಗಿತ್ತು. "ಇನ್ಮೇಲೆ ತಪ್ಪದೆ ನೀರು ಇಡಿಸ್ತೀನಿ ಅಕ್ಕಾ."

"ಇಡಬೇಕು ಅಂತ ನಿಮಗೆ ಹೇಳಿಕೊಡೋ ಹಾಗಾಯ್ತಲ್ಲ, ಎತ್ತನ್ನ ವಾಪಸ್ ಕರ್ಕೊಂಡು ಹೋಗೋಕೆ ಅಷ್ಟೇ ಸಾಕು."

ಎತ್ತಿನ ಹೆಜ್ಜೆಗೆ ತನ್ನ ಹೆಜ್ಜೆ ಹೊಂದಿಸಿ ರಸ್ತೆಗೆ ಬಂದಳು. ಮೂರು ಆಟದ ಮಾತು ತಲೆಯ ಮೇಲೆ ಉಳಿಯಿತು. ನಾಳೆ ಊರೆಲ್ಲ ಆಡಿಕೊಂಡರೂ ಸರಿ, ಅದನ್ನು ತೀರಿಸುವುದಿಲ್ಲ ಎಂದುಕೊಂಡಳು.