ಹೊಟ್ಟೆಯಲ್ಲಿಟ್ಟ ಎಲುಬು

"ಪೆಟ್ಟು ಬಿದ್ದದ್ದು ತಲಿಗೆ. ಹೊಟ್ಟಿ ಯಾಕ ಕೊಯ್ದ್ರಿ?"

ಐಸಿಯು ಬಾಗಿಲಿಗೆ ಅಡ್ಡ ನಿಂತು ಕೇಳಿದಳು ಚೆನ್ನಬಸಮ್ಮ. ಆಕೆಯ ಹಿಂದೆ ಪಾಪಿನಾಯಕನಹಳ್ಳಿಯಿಂದ ಬಂದ ನೆಂಟರು. ಅವರ ಹಿಂದೆ, ಮೊಬೈಲು ತಿರುವುತ್ತ, ಸಂಡೂರಿನ ಗಣಿಯೊಂದರ ಸೂಪರ್‌ವೈಸರ್ ದೊಡ್ಡಬಸಪ್ಪ.

"ಕಿಡ್ನಿ ಕದ್ದಾರ," ಎಂದ ನೆಂಟರಲ್ಲೊಬ್ಬ. "ಪೇಪರ್‌ನಾಗ ಬರ್ತೈತಲ್ಲ, ಹಂಗ."

"ಜಗಳ ಬ್ಯಾಡ್ರಿ," ದೊಡ್ಡಬಸಪ್ಪ ದನಿ ಮೆತ್ತಗೆ ಮಾಡಿದ. "ಹೊರಗ ಗಾಡಿ ರೆಡಿ ಐತಿ. ನಮ್ಮ ಸಾಹೇಬ್ರ ಗುರುತಿನ ದವಾಖಾನಿಗೆ ಒಯ್ಯೋಣು."

ಬಾಗಿಲೊಳಗೆ ನಿಂತಿದ್ದ, ಆಪರೇಷನ್ ಮಾಡಿದ ಡಾಕ್ಟರ್ ಮಾಧವಿಯ ಕಿವಿಗಳು ಬಿಸಿಯಾದವು. ಪೆಟ್ಟಾದ ಮಿದುಳು ಬಾತು ಹೇಗೆ ಕೊಲ್ಲುತ್ತದೆಂದು ಆಕೆ ಬರೆದದ್ದನ್ನು ದೇಶವಿದೇಶದ ವೈದ್ಯರು ಓದುತ್ತಿದ್ದರು. ಅದಿರಿನ ಲಾರಿಗಳು ದಿನಾ ತಲೆ ಒಡೆದು ಕಳಿಸುವ ಈ ಹೊಸಪೇಟೆಗೆ ಬೆಂಗಳೂರಿನ ಹುದ್ದೆ ಬಿಟ್ಟು ಬಂದದ್ದೂ ಅದಕ್ಕೇ. ವೆಂಟಿಲೇಟರ್ ಮೇಲಿರುವ, ದೊಡ್ಡಬಸಪ್ಪನ ಗಣಿಯ ಲಾರಿ ಡ್ರೈವರ್ ಜಂಬುನಾಥನನ್ನು ಈಗ ಎತ್ತಿದರೆ ಊರು ದಾಟುವುದರೊಳಗೆ ಸತ್ತಾನು. ಅದು ದೊಡ್ಡಬಸಪ್ಪನಿಗೂ ಗೊತ್ತು. ಜಂಬುನಾಥನ ತಾಯಿ ಚೆನ್ನಬಸಮ್ಮ ಕಂಪ್ಲಿ ಕಡೆ ಭತ್ತದ ನಾಟಿಗೆ ಹೋಗಿದ್ದಳೆಂದು, ಆಪರೇಷನ್ನಿಗೆ ಮುಂಚೆ ಎಲ್ಲವನ್ನೂ ಹೇಳಿ ಸಹಿ ಹಾಕಿಸಿಕೊಂಡದ್ದು ಅವನಿಂದಲೇ.

"ಇವ್ರಿಗೆ ಹೇಳ್ಲಿಲ್ಲೇನ್ರಿ ನೀವು?" ಮಾಧವಿ ಅವನನ್ನು ಕೇಳಿದಳು.

"ಓದದ ಮಂದಿ, ಮೇಡಂ. ಹೇಳಿದ್ರ ತಿಳಿತೈತೇನ್ರಿ?"

"ಲಾರಿಗೆ ಬ್ರೇಕ್ ಇರ್ಲಿಲ್ಲಂತ ಹೊತ್ತು ತಂದವ್ರೇ ಹೇಳ್ಯಾರ. ಇವ ಎಚ್ಚರಾಗಿ ಪೊಲೀಸ್ರ ಮುಂದ ಬಾಯಿ ಬಿಟ್ಟಾನಂತ ನಿಮಗ ಅವಸರ."

ದೊಡ್ಡಬಸಪ್ಪ ಮೊಬೈಲು ನೋಡಿದ.

ಮಾಧವಿ ಚೆನ್ನಬಸಮ್ಮನ ಮುಂಗೈ ಹಿಡಿದು ಒಳಗೆಳೆದಳು, ಕೈ ತೊಳೆಸಿದಳು, ಮಗನ ಹೊಟ್ಟೆಯ ಪಟ್ಟಿಯ ಪಕ್ಕ ಆ ಕೈಯನ್ನಿಟ್ಟಳು.

"ಮೆಲ್ಲಗ ಮುಟ್ಟು. ಗಟ್ಟಿ ಅದ ಅಲ್ಲ? ನಿನ್ನ ಮಗನ ಬುರುಡಿ ಎಲುಬು ಅದು. ಮಿದುಳು ಬಾತದ, ಜಾಗ ಸಾಲಂಗಿಲ್ಲಂತ ತಗದೀವಿ. ಕೆಡಬಾರದಂತ ಅವನ ಚರ್ಮದ ಕೆಳಗೇ ಇಟ್ಟೀವಿ. ಬಾವು ಇಳಿದ ಮ್ಯಾಲ ತಿರುಗಿ ಕೂಡಸ್ತೀನಿ."

ಚೆನ್ನಬಸಮ್ಮನ ಬೆರಳುಗಳು ಆ ಉಬ್ಬಿನ ಅಂಚನ್ನು ಸುತ್ತಿ ಬಂದವು.

"ಹಂಗಾರ ತಲಿಮ್ಯಾಗ ಏನೈತಿ?"

"ಬರೇ ಚರ್ಮ. ಗಾಡಿ ಕುಲುಕಿದ್ರ ಪೆಟ್ಟು ಮಿದುಳಿಗೇ."

ಚೆನ್ನಬಸಮ್ಮ ಹೊರಗೆ ಬಂದಳು. "ಬಸಪ್ಪಣ್ಣ, ನಿನಗ ಇದು ಗೊತ್ತಿತ್ತೇನು?"

"ಅಕ್ಕ, ಗಾಡಿ ಕಾಯಾಕತ್ತೈತಿ..."

"ಅದ್ರಾಗ ನೀನ ಮಲಕ್ಕೋ ಹೋಗು."

ನೆಂಟರು ಅವನತ್ತ ತಿರುಗಿದರು. ಅವನು ಮೆಟ್ಟಿಲಿಳಿದ.

ಚೆನ್ನಬಸಮ್ಮ ಬಾಗಿಲಿಗೆ ಅಡ್ಡಲಾಗಿ ಕಾಲು ಚಾಚಿ ಕೂತಳು. ಇನ್ನು ಅವಳನ್ನು ದಾಟಿ ಯಾರೂ ಒಳಗೆ ಹೋಗುವಂತಿರಲಿಲ್ಲ. ಆಮೇಲೆ ಮಾಧವಿಯತ್ತ ಕತ್ತೆತ್ತಿ ಕೇಳಿದಳು:

"ನಾನು ಬಂದು ಎರಡು ದಿನ ಆತವ್ವ, ಇಲ್ಲೇ ಕುಂತೀನಿ. ನೀನರ ಯಾಕ ಹೇಳ್ಲಿಲ್ಲ?"

"ಹೇಳಬೇಕಾಗಿತ್ತು," ಎಂದಳು ಮಾಧವಿ, ಬೈದಂತೆ, ಮತ್ತು ಅವಳ ಕಾಲು ದಾಟಿ ರೋಗಿಯ ಕಣ್ಣಿಗೆ ಟಾರ್ಚ್ ಬಿಡಲು ಒಳಗೆ ಹೋದಳು.