ಮೇಧಾಳ ಬಾಯಲ್ಲಿ ಒಂದು ಹೆಸರು

ಮೊಬೈಲಿನಲ್ಲಿ ಪುಕ್ಕಟೆ ಹಾಡುವವಳನ್ನು ನೋಡಲು ಬೆಟಗೇರಿಯಿಂದ ಲಕ್ಷ್ಮೇಶ್ವರದ ತನಕ ಬಸ್ಸಿನಲ್ಲಿ ಜೋತಾಡುತ್ತ ಹೋಗಬೇಕೇ? ಇದೊಂದು ಪ್ರಶ್ನೆಗೆ ನಮ್ಮ ಮನೆಯಲ್ಲಿ ನಾಲ್ಕು ದಿನ ಜಗಳ. ಹಾಡುವವಳು ಮೇಧಾ, ಗದಗಿನ ಮಾಸ್ತರರೊಬ್ಬರ ಮಗಳು, ಹಳ್ಳಿಯ ಪದಗಳಿಗೆ ಗಿಟಾರು ಕೂಡಿಸಿ ಹೆಸರಾದವಳು. ಹೋಗಲೇಬೇಕೆಂದು ಹಟ ಹಿಡಿದವಳು ನನ್ನ ಮಗಳು ವಿದ್ಯಾಶ್ರೀ. ಅವಳ ಮದುವೆಗೆ ಇನ್ನು ಹದಿನೈದೇ ದಿನ.

"ಏನೈತಿ ಅಲ್ಲಿ? ಮುಂದ ಕುಂತವರ ತಲಿ ನೋಡಿ ಬರೂದು," ಎಂದೆ. "ಮೊಬೈಲಿನ್ಯಾಗಾದ್ರ ಅಕಿ ಮಾರಿನಾದ್ರೂ ಕಾಣತೈತಿ."

"ಯವ್ವಾ, ಎದುರಿಗೆ ಕೇಳೂದ ಬ್ಯಾರೆ. 'ಹೊಳ್ಳಿ ನೋಡಬ್ಯಾಡ' ಹಾಡುವಾಗ ಮದುಮಗಳ ಹೆಸರು ಚೀಟಿಯಾಗ ಬರದು ಕೊಟ್ರ, ಅದ ಹೆಸರು ಹಾಕಿ ಹಾಡತಾಳ. ನನ್ನ ಹೆಸರೂ ಬರಬೇಕು."

ಕೈಯಲ್ಲಿದ್ದ ಅಕ್ಕಿ ಕೇರುವ ಮೊರ ಜಾರಿತು. ಆ ಹಾಡನ್ನು ಮೇಧಾಳಿಗೆ ಕೊಟ್ಟವಳೇ ನಾನು.

ಎರಡು ವರ್ಷದ ಹಿಂದೆ ಅವಳು ಹಳೆಯ ಹಾಡು ಹುಡುಕುತ್ತ ನನ್ನ ತವರು ಹರ್ತಿಗೆ ಬಂದಿದ್ದಳು. ನಮ್ಮವ್ವ ತಿಪ್ಪವ್ವ ಊರಲ್ಲಿ ಯಾರು ಸತ್ತರೂ ಹೆಣದ ಮುಂದೆ ಕುಳಿತು ಹಾಡಿ ಅಳುತ್ತಿದ್ದವಳು. ಸತ್ತವರನ್ನು ಹೆಸರು ಹಿಡಿದು ಎಬ್ಬಿಸಿ, ಹೊಸ್ತಿಲು ದಾಟಿಸಿ, ಹೊಳ್ಳಿ ನೋಡಬೇಡ, ಹಿಂದೆ ತಿರುಗದೆ ಹೋಗು ಎಂದು ಕಳಿಸುವ ಹಾಡು ಅದು. ಈಗ ಸಾವಿನ ಮನೆಗೆ ಭಜನಾ ಮೇಳ ಬರುತ್ತದೆ, ಇಂದಿನ ಹುಡುಗಿಯರಿಗೆ ಅವ್ವನ ಹಾಡು ಗೊತ್ತೇ ಇಲ್ಲ. ಮೇಧಾ ಕೇಳಿದಾಗ ಅವ್ವ, "ನನಗ್ಯಾವ ಹಾಡೂ ಬರೂದಿಲ್ಲವ್ವಾ," ಎಂದು ಹೊಲಕ್ಕೆ ಎದ್ದು ಹೋದಳು.

ನಾನಿದ್ದೆನಲ್ಲ, ಮಹಾ ಹಾಡುಗಾರ್ತಿ! ಹಿತ್ತಲಲ್ಲಿ ಕುಳಿತು, ಎಂದೋ ಸತ್ತ ಅಜ್ಜಿಯ ಹೆಸರು ಹಾಕಿ, ಅವಳ ಮೊಬೈಲಿಗೆ ಪೂರಾ ಹಾಡಿದೆ. "ಇದನ್ನ ಯಾವಾಗ ಹಾಡತಾರ್ರಿ ಅಕ್ಕಾರ?" ಎಂದು ಕೇಳಿದಳು. ಖರೆ ಹೇಳಿದರೆ ಮೊಬೈಲು ಮುಚ್ಚಿಕೊಂಡು ಹೋಗುತ್ತಾಳೆ ಎನ್ನಿಸಿತು. "ಮಗಳನ್ನ ಗಂಡನ ಮನಿಗೆ ಕಳಸುವಾಗ," ಎಂದೆ. ಆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆ.

ನಮ್ಮ ಓಣಿಯ ಖಾಜಾಸಾಬ ಮೇಧಾಳ ಕಾರ್ಯಕ್ರಮಗಳಿಗೆ ಸ್ಪೀಕರು ಕಟ್ಟುತ್ತಾನೆ. ಚಲೋ ಇಲ್ಲ ಎಂದು ಅವನ ಬಾಯಿಂದ ಬಂದರೆ ಮಗಳನ್ನು ತಡೆಯಬಹುದೆಂದು ಕೇಳಲು ಹೋದೆ.

"ಅಕ್ಕಾ, ಖರೇನ ಹೇಳತೇನಿ, ಎದುರಿಗೆ ಕೇಳಬೇಕು ನೀವು. ಶಿರಹಟ್ಟಿಯಾಗ ಒಬ್ಬಾಕಿ ಮದುಮಗಳ ಹೆಸರು ಹಾಕಿ ಹಾಡಿದ್ಲು, ಕುಂತ ಮಂದಿಯೆಲ್ಲಾ ಕಣ್ಣೀರು." ತಂತಿ ಸುತ್ತುತ್ತಲೇ ಮುಂದುವರಿಸಿದ, "ಪಾಪ, ಆ ಹುಡುಗಿ ನಸೀಬ ಚಲೋ ಇರಲಿಲ್ಲ. ಒಂಬತ್ತು ದಿನಕ್ಕ ಜ್ವರ ಬಂದು ತೀರಿಕೊಂಡ್ಲು. ಮುಂಡರಗಿಯಾಗ ಹೆಸರು ಕೊಟ್ಟಾಕಿನೂ ಹಂಗ, ಕಾಲು ಜಾರಿ ಬಾವಿಗೆ ಬಿದ್ಲಂತ."

ಅವನಿಗೆ ಅವು ಎರಡು ಬೇರೆ ಬೇರೆ ಸುದ್ದಿ. ನನಗೆ ಮನೆಗೆ ನಡೆಯುವಾಗ ದಾರಿಯೇ ಕಾಣಲಿಲ್ಲ.

ಮದುವೆಗೆಂದು ಬಂದು ನಮ್ಮಲ್ಲೇ ಇದ್ದ ಅವ್ವನ ಮುಂದೆ ಎಲ್ಲ ಒಪ್ಪಿಕೊಂಡೆ. ಅವಳು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬಾಯಿಗೆ ಒಯ್ದ ಎಲೆ ಅಡಿಕೆಯನ್ನು ಕೆಳಗಿಟ್ಟಳು.

"ಮದುಮಗಳಿಗೆ ಯಾರರೆ ಹೊಳ್ಳಿ ನೋಡಬ್ಯಾಡ ಅಂತಾರೇನ? ಕೇಳಾವರಿಗೆ ಅಷ್ಟೂ ತಿಳೀಲಿಲ್ಲಾ?" ಎಂದಳು. ಮತ್ತೆ ಅವಳೇ ಹೇಳಿದಳು, "ಹೆಸರು ಹಿಡದು ಕರದರ ಬದುಕಿದ್ದಾವರೂ ಹೋಗೂದ. ಹೋಗಾವರು ಹೊಳ್ಳಿ ನೋಡಿದ್ರ ಮನಿಯವರನ್ನ ಒಬ್ಬರನ್ನ ಜೋಡಿ ಕರಕೊಂಡು ಹೋಗತಾರ. ಅದಕ್ಕ ಬ್ಯಾಡ ಅನ್ನೂದು. ನನ್ನ ಮೊಮ್ಮಗಳನ್ನ ಕಳಸಬ್ಯಾಡ, ಕಾವೇರಿ."

ಕಳಿಸುವುದಿಲ್ಲ ಎಂದು ಮಗಳ ಮುಂದೆ ಕೂಗಾಡಿದೆ. "ನೀ ಬರಲಿಲ್ಲಂದ್ರ ಗೆಳತ್ಯಾರ ಜೋಡಿ ಹೊಕ್ಕೀನಿ," ಎಂದಳು. ಅವಳು ನನ್ನ ಮಗಳೇ, ನನ್ನದೇ ಹಟ. ಕಾರಣ ಹೇಳಿದ್ದರೆ ನಿಲ್ಲುತ್ತಿದ್ದಳೇನೋ. ಆದರೆ ಅರಿಸಿನ ಹಚ್ಚಿಕೊಳ್ಳಲಿರುವ ಮಗಳಿಗೆ, ಆಡಂಬರಕ್ಕಾಗಿ ನಾನು ಹೆಣದ ಹಾಡು ಕೊಟ್ಟೆ, ಇಬ್ಬರು ಹುಡುಗಿಯರು ಸತ್ತರು ಎಂದು ಯಾವ ಬಾಯಿಂದ ಹೇಳಲಿ? ಸುಮ್ಮನೆ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದೆ.

ಲಕ್ಷ್ಮೇಶ್ವರದ ಮೈದಾನದಲ್ಲಿ ಹೊತ್ತು ಇಳಿಯುತ್ತಿತ್ತು. ವೇದಿಕೆಯ ಮುಂದೆ ಚೀಟಿ ಹಾಕಲು ಹಿತ್ತಾಳೆಯ ಕೊಡ ಇಟ್ಟಿದ್ದರು. ವಿದ್ಯಾಶ್ರೀ ತನ್ನ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದು, ನಗುತ್ತ ಅದರೊಳಗೆ ಹಾಕಿದಳು. ನಾನು ವೇದಿಕೆಯ ಹಿಂದಕ್ಕೆ ಓಡಿದೆ.

ಮೇಧಾ ನನ್ನ ಗುರುತು ಹಿಡಿದು ಕಾಲಿಗೆ ಬಗ್ಗಿದಳು. "ಅಕ್ಕಾರ! ನೀವು ಕೊಟ್ಟ ಹಾಡಿನಿಂದನ ಮಂದಿಗೆ ನಾ ಗೊತ್ತಾದೆ. ಅಪ್ಪನ ಮುಂದ ದಿನಾ ನಿಮ್ಮನ್ನ ನೆನಸತೇನಿ."

ಆಗಲೇ ಹೇಳಬೇಕಿತ್ತು. ಅಯ್ಯೋ, ನನ್ನಂಥ ಪುಕ್ಕಲಿ ಇನ್ನೊಬ್ಬಳಿಲ್ಲ! ಅಷ್ಟು ಪ್ರೀತಿಯಿಂದ ನೋಡುವ ಆ ಕಣ್ಣುಗಳ ಮುಂದೆ ಅದು ಹೆಣದ ಹಾಡೆಂದು ಹೇಳಲಾರದೆ ಹೋದೆ. ಹೊರಗೆ ಜನ ಸಿಳ್ಳೆ ಹೊಡೆಯುತ್ತಿದ್ದರು.

"ಇವತ್ತ ಚೀಟಿ ತಗೀಬ್ಯಾಡವ್ವಾ," ಎಂದೆ. "ಆ ಹಾಡಿಗೆ ನನ್ನ ಹೆಸರು ಹಾಕು."

"ನೀವೇನು ಮದುಮಗಳೇನ್ರಿ ಅಕ್ಕಾರ?" ಎಂದು ನಕ್ಕಳು.

"ಹಾಡು ಕೊಟ್ಟಾಕಿ ಅಲ್ಲೇನು?"

"ಅದೂ ಖರೆ ಐತ್ರಿ," ಎಂದು ನನ್ನ ಕೈ ಹಿಡಿದು ಅದುಮಿದಳು.

ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಖಾಲಿ ಇತ್ತು, ಕುಳಿತೆ. ಮಗಳು ಗೆಳತಿಯರೊಡನೆ ಎರಡು ಸಾಲು ಹಿಂದಿದ್ದಳು. ಮೇಧಾ ಗಿಟಾರು ಮೀಟಿ ಹಾಡು ಎತ್ತಿದಳು. ಒಂದು ಮಾತು ಒಪ್ಪಲೇಬೇಕು, ಎದುರಿಗೆ ಕೇಳಬೇಕಾದ ದನಿಯೇ ಅವಳದು. ಮೊಬೈಲಿನಲ್ಲಿ ಅದರ ಕಾಲುಭಾಗವೂ ಇಲ್ಲ. ಅವ್ವ ಹೆಣದ ಮುಂದೆ ಹಾಡಿದಾಗಲೂ ನನಗೆ ಹೀಗೆ ಮೈ ಜುಮ್ಮೆಂದಿರಲಿಲ್ಲ.

"ಹೊತ್ತಾತ ಏಳವ್ವ, ಹೊಸ್ತಿಲ ದಾಟವ್ವ, ಕಾವೇರಿ, ಹೊಳ್ಳಿ ನೋಡಬ್ಯಾಡ."

ಮೈದಾನಕ್ಕೆ ಮೈದಾನವೇ ಚಪ್ಪಾಳೆ ತಟ್ಟಿತು. ನನ್ನ ಅಂಗಾಲುಗಳು ತಣ್ಣಗಾದವು.

"ಯವ್ವಾ! ನಿನ್ನ ಹೆಸರು!" ಹಿಂದಿನಿಂದ ವಿದ್ಯಾಶ್ರೀ ಖುಷಿಯಲ್ಲಿ ಕಿರುಚಿದಳು. "ಯವ್ವಾ, ಹೊಳ್ಳಿ ನೋಡ ಇಲ್ಲೆ, ಫೋಟೋ ತಗೀತೇನಿ!"

ಕುರ್ಚಿಯ ಎರಡೂ ಕೈಗಳನ್ನು ಬಿಗಿಹಿಡಿದು ವೇದಿಕೆಯನ್ನೇ ನೋಡುತ್ತ ಕುಳಿತೆ. ಮಗಳು ಮತ್ತೊಮ್ಮೆ ಕರೆದಳು. ಅವಳ ಮುಖ ನೋಡಬೇಕೆಂದು ಜೀವ ಒದ್ದಾಡುತ್ತಿತ್ತು. ಮೂರನೇ ಸಲ ಕರೆದಾಗ ಅವಳ ದನಿಯಲ್ಲಿ ಸಿಟ್ಟಿತ್ತು. ನಾನು ಹೊಳ್ಳಲಿಲ್ಲ.